ಐದು ವೈರಸ್ಸು, ನಲವತ್ತೇಳು ಲಿಂಬೆ

ನನ್ನ ಹಲ್ಲು ಚುಳ್ಳೆನ್ನದೇ ಇದ್ದಿದ್ದರೆ ಈ ಅನಾಹುತ ನಡೆಯುತ್ತಲೇ ಇರಲಿಲ್ಲ. ಹಲ್ಲು ಚುಳ್ಳೆನ್ನಲು ಕಾರಣ ನನ್ನ ಹೆಂಡತಿ ವಿದ್ಯಾವತಿ. ಹೀಗಿರುವಾಗ ಮೂಲ ಅಪರಾಧಿ ಯಾರೆಂಬುದನ್ನು ಓದುಗರೇ ತೀರ್ಮಾನಿಸಲಿ. (ಅವಳು ಇದನ್ನು ಓದುವ ಸಂಭವ ಇರುವುದರಿಂದ ನಾನು ಬಾಯಿ ಬಿಡುವುದಿಲ್ಲ.)

ಲಿಂಬೆಗೆ ಹೆಸರಾದ ನಮ್ಮ ಇಂಡಿ ಊರಿನಲ್ಲಿ ಸಂಸಾರ ಹೂಡಿದವನು ಲಿಂಬೆಹಣ್ಣಿನಿಂದ ತಪ್ಪಿಸಿಕೊಳ್ಳುವುದು ಕಷ್ಟ ಎಂಬುದು ನಿಜ. ಆದರೆ ಎರಡು ವರ್ಷಗಳಿಂದ ನನ್ನ ಮೇಲೆ ನಡೆದದ್ದು ಶುದ್ಧ ಲಿಂಬೆದಾಳಿ. ವಿದ್ಯಾ ಒಂದು ಪುಸ್ತಕ ಬರೆಯಲು ಹೊರಟಿದ್ದಳು: ನಮ್ಮ ಸೀಮೆಯ ಮನೆಗಳಲ್ಲಿ ಲಿಂಬೆಯಿಂದ ಏನೇನು ಮಾಡುತ್ತಾರೆ ಎಂಬುದರ ಪುಸ್ತಕ. ಝಳಕಿಯ ಇಮಾಮಬಿಯ ಬೆಲ್ಲದ ಉಪ್ಪಿನಕಾಯಿಯಿಂದ ಹಿಡಿದು ಸಿಂದಗಿಯ ದುರ್ಗವ್ವನ ಒಣಲಿಂಬೆ ಸಾರಿನವರೆಗೆ ನಲವತ್ತಾರು ಬಗೆ ಕಲೆಹಾಕಿದ್ದಳು. ಪ್ರತಿಯೊಂದನ್ನೂ ಮನೆಯಲ್ಲಿ ಮಾಡಿ ನೋಡದೆ ಬರೆಯಬಾರದೆಂಬುದು ಅವಳ ವ್ರತ. ಮಾಡಿದ್ದನ್ನು ತಿನ್ನುವುದು ಯಾರೆಂದು ಹೇಳಬೇಕಾಗಿಲ್ಲ.

ಪುಸ್ತಕವೆಲ್ಲ ನಮ್ಮ ಲ್ಯಾಪ್‌ಟಾಪಿನಲ್ಲಿತ್ತು. ಅಲ್ಲಿ ಮಾತ್ರ ಇತ್ತು. ಕೈಯಲ್ಲಿ ಬರೆದಿದ್ದ ನೋಟ್‌ಬುಕ್ಕುಗಳನ್ನು ಹೋದ ದೀಪಾವಳಿಗೆ ಮನೆ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ನಾನೇ ರದ್ದಿಗೆ ಹಾಕಿದ್ದೆ. (ಆಗ ನಡೆದ ಮಾತುಕತೆಯ ವಿವರ ಬೇಡ.)

ಆ ದಿನ ಬೆಳಿಗ್ಗೆ ವಿದ್ಯಾ ನಲವತ್ತೇಳನೆಯ ಬಗೆಗಾಗಿ ಹಲಸಂಗಿಯ ರೇವವ್ವನ ಮನೆಗೆ ಹೊರಟಳು. ಸಂಜೆ ಐದರೊಳಗೆ ಪುಸ್ತಕ ಪ್ರಕಾಶಕರಿಗೆ ಇಮೇಲಿನಲ್ಲಿ ಹೋಗಬೇಕಿತ್ತು. ಅದೇ ಕೊನೆಯ ದಿನ.

"ನಾಕಕ್ಕ ಬರ್ತೇನಿ. ಕಂಪ್ಯೂಟರಿಗೆ ಕೈ ಹಚ್ಚಬ್ಯಾಡ್ರಿ," ಎಂದಳು ಟೆಂಪೊ ಹತ್ತುವ ಮೊದಲು.

"ನಾ ಯಾಕ ಹಚ್ಚಲಿ? ನನಗೇನು ಬ್ಯಾರೆ ಕೆಲಸಿಲ್ಲೇನು?"

"ಇಲ್ಲ. ಅದಕ್ಕ ಹೇಳಾಕತ್ತೇನಿ."

ಹತ್ತೂವರೆಗೆ ಹಲ್ಲು ಚುಳ್ಳೆಂದಿತು. ನಲವತ್ತಾರನೆಯ ಬಗೆಯ ಪ್ರಭಾವ. ಹಲ್ಲಿಗೊಂದು ಮನೆಮದ್ದು ಹುಡುಕಿದರೆ ಕೈ ಹಚ್ಚಿದಂತೆ ಆಗುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಲ್ಯಾಪ್‌ಟಾಪ್ ತೆರೆದೆ. ಲವಂಗ ಎಂದಿತು ಒಂದು ಪುಟ. ಪೇರಲ ಎಲೆ ಎಂದಿತು ಇನ್ನೊಂದು. 'ಒಂದೇ ನಿಮಿಷದಲ್ಲಿ ವಜ್ರದಂಥ ಹಲ್ಲು' ಎಂಬ ಮೂರನೆಯದನ್ನು ಒತ್ತಿದೆ.

ಪರದೆ ಕೆಂಪಾಯಿತು. ಕುಂಯ್ ಕುಂಯ್ ಎಂದು ಆಂಬುಲೆನ್ಸಿನಂತೆ ಸದ್ದು. ನಡುವೆ ದಪ್ಪ ಅಕ್ಷರ: 'ಎಚ್ಚರಿಕೆ! ನಿಮ್ಮ ಗಣಕಯಂತ್ರವು ಐದು ವೈರಸ್‌ಗಳಿಂದ ಸೋಂಕಿತಗೊಳಿಸಲ್ಪಡಲ್ಪಟ್ಟಿರುತ್ತದೆ. ಹಾನಿಯ ಪ್ರಮಾಣ ಶೇಕಡಾ 62.3. ಎರಡು ನಿಮಿಷಗಳಲ್ಲಿ ನಿಮ್ಮ ಎಲ್ಲ ಕಡತಗಳೂ ನಾಶ. ಕೂಡಲೇ ಮಹಾರಕ್ಷಕ ಎಕ್ಸ್‌ಟೆನ್ಶನ್ ಸೇರಿಸಿ.' ಕೆಳಗೆ ಒಂದು ಗಡಿಯಾರ 1:59, 1:58 ಎಂದು ಇಳಿಯತೊಡಗಿತ್ತು.

ನಾನು ಮೂವತ್ತು ವರ್ಷ ಗಣಿತ ಕಲಿಸಿದವನು. ಅನೀಲಕುಮಾರ ಮಾಸ್ತರನನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಬರೀ ಅರವತ್ತೆರಡು ಎಂದು ಬರೆದಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಆದರೆ ಬಿಂದುವಿನ ಮುಂದೆ ಮೂರು! ಯಾರೋ ಕುಳಿತು ಶಿಸ್ತಾಗಿ ಲೆಕ್ಕ ಹಾಕಿದ್ದಾರೆ ಎಂದೇ ತಾನೆ ಅರ್ಥ? ಇನ್ನು 'ಸೋಂಕಿತಗೊಳಿಸಲ್ಪಡಲ್ಪಟ್ಟಿರುತ್ತದೆ' ಎಂಬ ಕನ್ನಡ. ಅಂಥ ಕನ್ನಡವನ್ನು ನಾನು ಸುತ್ತೋಲೆಗಳಲ್ಲಿ ಮಾತ್ರ ಕಂಡಿದ್ದೆ. ಅದರ ಅಧಿಕೃತತೆಯ ಬಗ್ಗೆ ಉಳಿದಿದ್ದ ಸಂಶಯವೂ ಹೋಯಿತು.

ಒತ್ತಿದೆ. ಅನುಮತಿ ಕೇಳಿತು, ಕೊಟ್ಟೆ. ಮತ್ತೊಂದು ಅನುಮತಿ ಕೇಳಿತು, ಅದನ್ನೂ ಕೊಟ್ಟೆ. ಪ್ರಾಣ ಉಳಿಸುವ ಡಾಕ್ಟರ ಜೊತೆ ಚೌಕಾಶಿ ಮಾಡುವವರುಂಟೆ?

ಸದ್ದು ನಿಂತಿತು. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಪರದೆಯ ಬಲಮೂಲೆಯಲ್ಲಿ ಟಿಂಗ್ ಎಂದು ಒಂದು ಚೀಟಿ ಎದ್ದಿತು: 'ವೈರಸ್ ಏಳು!' ನೋಡುತ್ತಿದ್ದಂತೆ ಇನ್ನೊಂದು: 'ವೈರಸ್ ಹನ್ನೊಂದು!' ಮಹಾರಕ್ಷಕನ ಸಮ್ಮುಖದಲ್ಲೇ ವೈರಸ್ಸುಗಳು ಮಕ್ಕಳುಮರಿ ಹಾಕುತ್ತಿದ್ದವು. ಏನಾದರೂ ಹುಡುಕೋಣವೆಂದರೆ ನಾವು ಬಳಸುವ ಪುಟ ಮಾಯವಾಗಿ, ಬೇರಾವುದೋ ಪುಟ ಬಂದು ಬೊಕ್ಕತಲೆಯ ಎಣ್ಣೆ ಮಾರತೊಡಗಿತು. (ನನ್ನ ತಲೆಯ ವಿಷಯ ಅದಕ್ಕೆ ಹೇಗೆ ತಿಳಿಯಿತೋ ಎಂದು ಮತ್ತಷ್ಟು ಹೆದರಿದೆ.)

ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿದೆ. ಅಂಟೀತೆಂದು ನನ್ನ ಮೊಬೈಲನ್ನು ಒಯ್ದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಸಾಬೂನು ಹಚ್ಚಿ ಕೈ ತೊಳೆದೆ. ಇದು ನಗುವ ವಿಷಯವಲ್ಲ. ಒಳಗೆ ಎರಡು ವರ್ಷದ ದುಡಿಮೆ ಇತ್ತು. ಇಮಾಮಬಿಗೆ ಈಗ ವಯಸ್ಸಾಗಿದೆ, ಮರೆವು ಬಂದಿದೆ. ಬೆಲ್ಲದ ಉಪ್ಪಿನಕಾಯಿಯ ಹದ ಈಗ ಆ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ವಿದ್ಯಾ ಅದನ್ನು ಬರೆದುಕೊಳ್ಳಲು ಉರಿಬಿಸಿಲಿನಲ್ಲಿ ಝಳಕಿಗೆ ನಾಲ್ಕು ಸಲ ಹೋಗಿದ್ದಳು. ಒಮ್ಮೆಯೂ ಬೇಸರಿಸಿರಲಿಲ್ಲ. 

ಲ್ಯಾಪ್‌ಟಾಪಿಗೆ ಟಾವೆಲ್ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿದೆ. ದಾರಿಯಲ್ಲಿ ಸಿಕ್ಕ ನೆರೆಮನೆಯ ಪರಪ್ಪ ಹತ್ತಿರ ಬಂದು, "ಯಾರದ್ರಿ ಸರ್ರ ಕೂಸು?" ಎಂದ. ನಾನು ಓಟದ ವೇಗ ಹೆಚ್ಚಿಸಿದೆ.

ಬಸ್‌ಸ್ಟ್ಯಾಂಡಿನ ಎದುರು ಸಗೀರಾಳ ಅಂಗಡಿ. ಝೆರಾಕ್ಸು, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿ ಎಲ್ಲ ಮಾಡುತ್ತಾಳೆ. ಒಂದಾನೊಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಅಪವರ್ತನ ಬಾರದೆ ಬೆಂಚಿನ ಮೇಲೆ ನಿಂತವಳು. ನಿಲ್ಲಿಸಿದವನು ನಾನು. ಹೀಗಾಗಿ ಹೊಸ್ತಿಲಲ್ಲಿ ಒಂದು ಕ್ಷಣ ತಡೆದೆ. ಒಳಗೆ ಲಿಂಬೆ ವ್ಯಾಪಾರಿ ಇಬ್ರಾಹಿಂಸಾಬರು ಯಾವುದೋ ಅರ್ಜಿ ತುಂಬಿಸುತ್ತ ಕುಳಿತಿದ್ದರು.

"ಬರ್ರಿ ಸರ್ರ, ಕುಂದರ್ರಿ. ಯಾಕ್ರಿ, ಮಾರಿ ಹಿಂಗ್ಯಾಕ ಬಾಡೇತಿ?" ಎಂದಳು ಸಗೀರಾ.

"ಸಗೀರಾ, ಹನ್ನೊಂದು ವೈರಸ್ ಹೊಕ್ಕಾವ. ಮೊದಲ ಐದ ಇದ್ದೂ."

ಅವಳು ಟಾವೆಲ್ ಬಿಚ್ಚಿದಳು. ತೆರೆದ ಕೂಡಲೆ ಟಿಂಗ್ ಎಂದಿತು: 'ವೈರಸ್ ಹತ್ತೊಂಬತ್ತು!' ಇಬ್ರಾಹಿಂಸಾಬರು ತಮ್ಮ ಕುರ್ಚಿಯನ್ನು ಒಂದು ಗೇಣು ಹಿಂದೆ ಎಳೆದುಕೊಂಡರು.

"ಇದು ಬಂದಾಗ ಏನ್ ಮಾಡಿದ್ರಿ?"

"ಒತ್ತಿದೆ."

"ಅನುಮತಿ ಕೇಳ್ತೇನ್ರಿ?"

"ಕೇಳ್ತು."

"ಕೊಟ್ರಿ?"

"ಎರಡ ಸಲ ಕೊಟ್ಟೆ."

"ಪಾಸ್‌ವರ್ಡ್ ಏನಾರ ಹಾಕಿದ್ರೇನ್ರಿ? ಬ್ಯಾಂಕಿಂದು, ಇಮೇಲಿಂದು?"

"ಅದು ವಿದ್ಯಾಗ ಗೊತ್ತವ್ವಾ. ನನಗ ಹೇಳಿಲ್ಲ."

"ನಮ್ಮ ವಿದ್ಯಾ ಬಾಯಾರು ಶಾಣ್ಯಾರದಾರ," ಎಂದು ಸಗೀರಾ ನೆಮ್ಮದಿಯ ಉಸಿರು ಬಿಟ್ಟಳು. "ಸರ್ರ, ಇದನ್ನ ನಿಮ್ಮ ಕಂಪ್ಯೂಟರ್ ಹೇಳಿಲ್ರಿ. ಆ ಕೆಂಪಂದು ಬರೇ ಒಂದು ವೆಬ್‌ಪುಟ. ರಸ್ತಾದಾಗ ಹೊಂಟಾಂವ ನಿಮ್ಮ ಬಾಗಲದಾಗ ನಿಂತು, 'ನಿಮ್ಮ ಅಡಗಿಮನ್ಯಾಗ ಐದು ಹಾವ ಅದಾವ, ನನ್ನ ಒಳಗ ಬಿಡ್ರಿ' ಅಂದಂಗ. ಅಂವಾ ಇನ್ನೂ ಒಳಗ ಬಂದೇ ಇಲ್ಲ. ಹ್ಯಾಂಗ ಎಣಿಸಿದಾ?"

ಹ್ಯಾಂಗ ಎಣಿಸಿದಾ! ಮೂವತ್ತು ವರ್ಷ 'ಉತ್ತರ ಹೇಗೆ ಬಂತು, ಕ್ರಮ ತೋರಿಸು' ಎಂದು ಮಕ್ಕಳ ಜೀವ ತಿಂದವನು ನಾನು. ಆ 62.3 ಹೇಗೆ ಬಂತೆಂದು ಕೇಳಲಿಲ್ಲ.

"ಮತ್ತ ನಾ ಒಳಗ ಬಿಟ್ಟೆನಲ್ಲ?"

"ಹೌದ್ರಿ, ಬಿಟ್ರಿ. ಈಗ ಹೊರಗ ಹಾಕೂಣು." ಅವಳು ಬ್ರೌಸರಿನ ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ಎಕ್ಸ್‌ಟೆನ್ಶನ್ನುಗಳ, ಅಂದರೆ ಬ್ರೌಸರಿಗೆ ಅಂಟಿಸಿಕೊಂಡ ಪುಟ್ಟ ತಂತ್ರಾಂಶಗಳ, ಪಟ್ಟಿ ತೆಗೆದಳು. ಅಲ್ಲಿ ಮಹಾರಕ್ಷಕ ಮಹಾಶಯ ಮೀಸೆ ತಿರುವಿ, ಗುರಾಣಿ ಹಿಡಿದು ನಿಂತಿದ್ದ. 'ತೆಗೆದುಹಾಕು' ಎಂದು ಒತ್ತಿದಳು. ಮೀಸೆ ಗುರಾಣಿ ಸಮೇತ ಹೋದ. ಆಮೇಲೆ ಸೆಟ್ಟಿಂಗಿಗೆ ಹೋಗಿ, ಚೀಟಿ ಕಳಿಸಲು ಯಾರ್ಯಾರಿಗೆ ಅನುಮತಿ ಇದೆ ಎಂದು ನೋಡಿ, ನಾನು ಉದಾರವಾಗಿ ಕೊಟ್ಟಿದ್ದ ಅನುಮತಿಯನ್ನು ಕಿತ್ತುಕೊಂಡಳು. ಟಿಂಗ್ ಎನ್ನುವುದು ನಿಂತಿತು. ಹುಡುಕುವ ಪುಟವನ್ನು ಮೊದಲಿನಂತೆ ಮಾಡಿದಳು. ಕೊನೆಗೆ ಕಂಪ್ಯೂಟರಿನಲ್ಲೇ ಇರುವ ವೈರಸ್ ತಪಾಸಣೆ ನಡೆಸಿದಳು. ಅದು ಮುಗಿಯುವಷ್ಟರಲ್ಲಿ ಇಬ್ರಾಹಿಂಸಾಬರು ನನಗೆ ಚಹಾ ತರಿಸಿದರು. ಕುಡಿದೆನೋ ಇಲ್ಲವೋ ನೆನಪಿಲ್ಲ.

"ಸೊನ್ನಿ," ಎಂದಳು ಸಗೀರಾ. "ಒಂದೂ ವೈರಸ್ ಇಲ್ರಿ."

"ಪುಸ್ತಕ?"

'ಲಿಂಬಿ' ಎಂಬ ಕಡತ ತೆರೆದಳು. ಝಳಕಿಯ ಬೆಲ್ಲ, ಸಿಂದಗಿಯ ಒಣಲಿಂಬೆ, ಮುದ್ದೇಬಿಹಾಳದ ಚಿತ್ರಾನ್ನದ ಗೊಜ್ಜು, ಬಾಗೇವಾಡಿಯ ಪಾನಕ, ನಲವತ್ತಾರೂ ಜೀವಂತ. ಒಂದು ಒಗ್ಗರಣೆ ಕೂಡ ಕರಗಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಲಿಂಬೆಹಣ್ಣಿನ ಹೆಸರು ಓದಿ ನನಗೆ ಕಣ್ಣೀರು ಬಂತು. ಇಬ್ರಾಹಿಂಸಾಬರು ಬೆನ್ನು ತಟ್ಟಿ, "ಆತ್ಬಿಡ್ರಿ ಸರ್ರ, ಕೂಸು ಹುಷಾರಾತು," ಎಂದರು.

ಹೊರಡುವಾಗ ಸಗೀರಾ ಹೇಳಿದಳು: "ಇನ್ನೊಮ್ಮಿ ಹಿಂಗ ಬಂದ್ರ ಪುಟ ಮುಚ್ಚಿಬಿಡ್ರಿ, ಏನೂ ಒತ್ತಬ್ಯಾಡ್ರಿ. ಯಾರಾರ ಗಡಿಬಿಡಿ ಮಾಡಿದ್ರ, 'ಇಲ್ಲೇ ಒತ್ತು' ಅಂದ್ರ, ಮೊದಲ ನಿಂತು ವಿಚಾರ ಮಾಡ್ರಿ. ತಿಳೀಲಿಲ್ಲ ಅಂದ್ರ ಒಂದ್ ಫೋನ್ ಮಾಡಿ ಕೇಳ್ರಿ."

ಕೊನೆಯ ವಾಕ್ಯವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆಗಲೇ ಬಾಗಿಲು ದಾಟಿದ್ದೆ.

ನಾಲ್ಕಕ್ಕೆ ವಿದ್ಯಾ ಬಂದಳು. ಲ್ಯಾಪ್‌ಟಾಪ್ ತನ್ನ ಜಾಗದಲ್ಲಿ ಏನೂ ಅರಿಯದಂತೆ ಮಲಗಿತ್ತು. ನಾನೂ ಮುಖದಲ್ಲಿ ಅದೇ ಭಾವ ತಂದುಕೊಂಡು ಪೇಪರು ಹಿಡಿದಿದ್ದೆ.

"ಕೈ ಹಚ್ಚಿಲ್ಲಲ್ಲ?"

"ಛೆ, ಛೆ."

"ಹೌದಾ? ಅಖ್ತರಬೇಗಂ ಫೋನ್ ಮಾಡಿದ್ಲು. ಟಾವೆಲ್ ಸುತ್ತಿ ಮೆರವಣಿಗಿ ಮಾಡೀರಂತ. ಮ್ಯಾಲ ಇಬ್ರಾಹಿಂಸಾಬರ ಚಹಾನೂ ಕುಡಿದು ಬಂದೀರಂತ."

ಅಖ್ತರಬೇಗಂ ಇಬ್ರಾಹಿಂಸಾಬರ ಹೆಂಡತಿ. ಎಲ್ಲ ಒಪ್ಪಿಕೊಂಡೆ. ವಿದ್ಯಾ ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಲ್ಯಾಪ್‌ಟಾಪ್ ತೆರೆದು, ಮೊದಲಿನಿಂದ ಕೊನೆವರೆಗೆ ಒಮ್ಮೆ ಸರಿಸಿ ನೋಡಿ, ಇಮಾಮಬಿಯ ಬೆಲ್ಲದ ಉಪ್ಪಿನಕಾಯಿಯ ಪುಟಕ್ಕೆ ಮರಳಿ ಅದನ್ನು ಪೂರ್ತಿ ಓದಿದಳು. ಬೈದಿದ್ದರೆ ವಾಸಿಯಿತ್ತು. ನಂತರ ರೇವವ್ವನ ನಲವತ್ತೇಳನೆಯದನ್ನು ಟೈಪು ಮಾಡಿ ನಾಲ್ಕು ಐವತ್ತೆರಡಕ್ಕೆ ಕಳಿಸಿದಳು. ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ತೆಗೆದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಕೀಲಿಕೈ ಸೊಂಟಕ್ಕೆ.

ಅಂದಿನಿಂದ ನಾನು ಬೇರೆಯೇ ಮನುಷ್ಯನಾದೆ. ಹಾದಿಬೀದಿಯಲ್ಲಿ ಸಿಕ್ಕವರಿಗೆಲ್ಲ ಸುಳ್ಳು ಎಚ್ಚರಿಕೆಗಳನ್ನು ಗುರುತಿಸುವ ಶಾಸ್ತ್ರ ಬೋಧಿಸಿದೆ. ಗಡಿಬಿಡಿ ಮತ್ತು 'ಒತ್ತು' ಎರಡೂ ಕೂಡಿದರೆ ಉತ್ತರ ಮೋಸ. ಸೂತ್ರ ಎಷ್ಟು ಸರಳ! ಪರಪ್ಪ ನನ್ನನ್ನು ಕಂಡರೆ ಓಣಿ ಬದಲಿಸತೊಡಗಿದ.

ಮೂರು ವಾರ ಕಳೆದ ಮೇಲೆ ಒಂದು ಮುಂಜಾನೆ, ವಿದ್ಯಾ ನೀರು ತುಂಬುತ್ತಿದ್ದಾಗ, ಲ್ಯಾಪ್‌ಟಾಪಿನಲ್ಲಿ ಅವಳ ಇಮೇಲ್ ತೆರೆದೇ ಇತ್ತು. ನನ್ನ ಕಣ್ಣೆದುರೇ ಹೊಸದೊಂದು ಬಂದು ಬಿತ್ತು: 'ಅಭಿನಂದನೆಗಳು! ನೀವು ಆಯ್ಕೆಯಾಗಿದ್ದೀರಿ. ಮೂರು ದಿನಗಳೊಳಗೆ ತಮ್ಮ ಒಪ್ಪಿಗೆ ತಲುಪಬೇಕು. ಒಪ್ಪಿಗೆ ಪತ್ರಕ್ಕಾಗಿ ಇಲ್ಲಿ ಒತ್ತಿ.'

ಹಾ! ಸಿಕ್ಕೆಯಾ? ನನ್ನ ನೆತ್ತರು ಕುದಿಯಿತು. ಬರೀ ಅಳಿಸಿದರೆ ಸಾಲದು, ಇಂಥವರಿಗೆ ಬುದ್ಧಿ ಕಲಿಸಬೇಕು ಎಂದುಕೊಂಡು ಉತ್ತರ ಬರೆದೆ: 'ನಾಚಿಕೆಯಾಗಬೇಕು ನಿಮಗೆ. ಯಾರನ್ನು ಮೂರ್ಖರೆಂದು ತಿಳಿದಿದ್ದೀರಿ? ದುಡಿದು ತಿನ್ನುವುದನ್ನು ಕಲಿಯಿರಿ. ಇನ್ನೊಮ್ಮೆ ಬರೆದರೆ ಪೊಲೀಸರಿಗೆ ಒಪ್ಪಿಸುತ್ತೇನೆ.' ಕಳಿಸಿದೆ. ಬಂದ ಪತ್ರ ಅಳಿಸಿದೆ. ಅಂಗಿಯ ತೋಳು ಏರಿಸಿಕೊಂಡೇ ಅಡಿಗೆಮನೆಗೆ ಹೋಗಿ ಹೇಳಿದೆ.

"ವಿದ್ಯಾ, ಒಬ್ಬ ಕಳ್ಳನ ಹಿಡದ್ನಿ ನೋಡು."

ಅವಳು ಕೊಡ ಕೆಳಗಿಟ್ಟಳು. "ಏನಂತ ಬಂದಿತ್ತು?"

ಹೇಳಿದೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಿ ನನ್ನ ದನಿ ತಾನಾಗಿ ಇಳಿಯಿತು.

"ರೀ... ಯಾರ ಕಳಿಸಿದ್ರಂತ ನೋಡಿದ್ರೇನು?"

ನೋಡಿರಲಿಲ್ಲ. ಅವಳು ಅಳಿಸಿದವುಗಳ ಡಬ್ಬಿ ತೆರೆದು ಪತ್ರ ಹೊರತೆಗೆದಳು. ಕೆಳಗೆ ಪ್ರಕಾಶನದ ಹೆಸರು, ಸಂಪಾದಕಿ ಜಯಮಾಲಾ ಅವರ ಸಹಿ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಸ್ಪೀಕರಿನಲ್ಲಿ ಜಯಮಾಲಾ ಅವರ ದನಿ: "ವಿದ್ಯಾವತಿಯವರ, ನಿಮ್ಮ ಪುಸ್ತಕ ಎಲ್ಲಾರಿಗೂ ಭಾಳ ಸೇರೇತ್ರಿ. ಆದ್ರ ನಮ್ಮನ್ನ ಪೊಲೀಸರಿಗೆ ಯಾಕ ಕೊಡಾಕತ್ತೀರಿ?"

ನಾನು ಖಾಲಿ ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೊರಟೆ. ವಿದ್ಯಾ ಅಂಗಿ ಹಿಡಿದು ನಿಲ್ಲಿಸಿದಳು.

"ಬಾಯಾರ, ಅದನ್ನ ನಾ ಬರದಿಲ್ರಿ. ನಮ್ಮ ಮನ್ಯಾಗ ಒಂದ್ ಮಹಾರಕ್ಷಕ ಐತಿ. ಅದನ್ನ ತಗದಹಾಕೂದು ಹ್ಯಾಂಗಂತ ಇನ್ನೂ ಗೊತ್ತಾಗಿಲ್ಲ."

ಅತ್ತ ಕಡೆ ನಗು ಎಷ್ಟು ಹೊತ್ತು ನಡೆಯಿತೆಂದರೆ, ಪುಸ್ತಕ ಕೈತಪ್ಪಿಲ್ಲವೆಂದು ನನಗೆ ಖಾತ್ರಿಯಾಗಿ ಕೊಡ ಕೆಳಗಿಟ್ಟೆ. ವಿದ್ಯಾಳೂ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು. ಅವಳು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಫೋನಿಟ್ಟ ಮೇಲೆ ಮಾತ್ರ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂಡಿಸಿದಳು. ಜಯಮಾಲಾ ಅವರಿಗೆ ಕ್ಷಮಾಪಣೆ ಪತ್ರ ಬರೆದೆ.

ಓದಿದಳು. "ಇದರಾಗ ಇನ್ನೂ ಸೊಕ್ಕ ಐತಿ. ಮತ್ತೊಮ್ಮಿ ಬರೀರಿ."

ಬರೆದೆ.

"ಅಕ್ಷರ ಕಡಿಮಿ, ಅಳೂದು ಜಾಸ್ತಿ ಆತು. ಮತ್ತೊಮ್ಮಿ."

ಮೂರನೆಯದಕ್ಕೆ ಪಾಸು ಮಾಡಿದಳು. ಕೃಪಾಂಕ ಕೊಟ್ಟು.