ಕಾಕೂ ಹಂಚಿದ ಗೆಳೆಯರು

ನಮ್ಮ ಕಾಕೂನನ್ನು ಕಂಡರೆ ಭಿಕ್ಷೆ ಬೇಡುವ ಮಕ್ಕಳು ಓಡಿಹೋಗುತ್ತಾರೆ. ನಂಬುವುದಿಲ್ಲವೇ? ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಸಿಗ್ನಲ್ಲಿಗೆ ಬನ್ನಿ, ತೋರಿಸುತ್ತೇನೆ.

ಟ್ಯಾಕ್ಸಿಯ ಕಿಟಕಿಯೊಳಗೆ ಯಾವುದಾದರೂ ಮಗು ಕೈ ಚಾಚಿತೆನ್ನಿ. ನಾವು ನೀವಾದರೆ ಚಿಲ್ಲರೆ ಹುಡುಕುತ್ತೇವೆ, ಇಲ್ಲವೇ ಮೊಬೈಲಿನಲ್ಲಿ ಮುಖ ಹುದುಗಿಸುತ್ತೇವೆ. ಕಾಕೂ ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹೆಸರೇನು, ಯಾವೂರು, ಅವ್ವ ಎಲ್ಲಿ, ನಿನ್ನೆ ರಾತ್ರಿ ಏನು ಉಂಡೆ, ಶಾಲೆಗೆ ಯಾಕೆ ಹೋಗುವುದಿಲ್ಲ? ಹೆಣ್ಣು ನೋಡಲು ಹೋದವರೂ ಇಷ್ಟು ಕೇಳುವುದಿಲ್ಲ! ಅಷ್ಟರಲ್ಲಿ ಸಿಗ್ನಲ್ ಹಸಿರಾಗಿ, ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸಿ, ಟ್ಯಾಕ್ಸಿಯವನು ಕೈಮುಗಿದರೂ ಉತ್ತರ ಪೂರ್ತಿ ಸಿಗದೆ ಕೈ ಬಿಡುವುದಿಲ್ಲ. ಒಮ್ಮೆ ಒಬ್ಬ ಪೋರ ಅಳುಮುಖ ಮಾಡಿ, "ಆಂಟಿ, ಪೈಸಾ ನಕೋ, ಹಾಥ್ ಛೋಡೋ" ದುಡ್ಡು ಬೇಡ, ಕೈ ಬಿಡಿ ಎಂದು ಬೇಡಿಕೊಂಡಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಕಾಕೂ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದವರು, ಈಗ ಎಪ್ಪತ್ತು ದಾಟಿದೆ. ನಮ್ಮದು ಒಂದೇ ಬಿಲ್ಡಿಂಗ್. ಅವರದು ಎರಡನೆಯ ಮಹಡಿ, ನನ್ನದು ಐದನೆಯದು. ನಾನು ಒಬ್ಬನೇ ಇರುತ್ತೇನೆ, ಅಂಧೇರಿಯ ಒಂದು ಆಫೀಸಿಗೆ ಹೋಗಿಬರುತ್ತೇನೆ, ಯಾರ ತಂಟೆಗೂ ಹೋಗುವುದಿಲ್ಲ. ಯಾರ ತಂಟೆಗೂ ಹೋಗದಿರುವುದು ಕಾಕೂನ ದೃಷ್ಟಿಯಲ್ಲಿ ಒಂದು ರೋಗ.

ಈ ರೋಗಕ್ಕೆ ಅವರು ಮದ್ದು ಅರೆದದ್ದು ನಮ್ಮ ಬಿಲ್ಡಿಂಗಿನ ಸೊಸೈಟಿಯ ಮೀಟಿಂಗಿನಲ್ಲಿ. ನೀರಿನ ಟಾಕಿ ಸೋರುವ ಬಗ್ಗೆ ಚರ್ಚೆ ನಡೆದಿತ್ತು. ಕಾಕೂ ನಡುವೆ ಎದ್ದು ನಿಂತು, ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿರುವ ಮಕ್ಕಳಲ್ಲಿ ಒಂದೊಂದು ಮನೆಗೆ ಒಬ್ಬೊಬ್ಬರನ್ನು ಹಂಚಿಬಿಟ್ಟರು! ದತ್ತು ಅಲ್ಲ, ದಾನ ಅಲ್ಲ, ಹಳೆಯ ಬಟ್ಟೆಯೂ ಅಲ್ಲ. ಗೆಳೆತನ ಮಾಡಬೇಕು. ಭಾನುವಾರ ಆ ಮಗು ಮನೆಗೆ ಬರುತ್ತದೆ, ಕೂಡಿಸಿ ಮಾತಾಡಿಸಬೇಕು. ಎರಡು ದಿನ ಕಾಣದಿದ್ದರೆ ಹೋಗಿ ವಿಚಾರಿಸಬೇಕು. ಸೆಕ್ರೆಟರಿ ಮರಾಠಿ ಗೃಹಸ್ಥರು, ಕಾಯಿದೆಯ ಮನುಷ್ಯ. ಹೊರಗಿನ ಮಕ್ಕಳು ಲಿಫ್ಟ್ ಹತ್ತುವಂತಿಲ್ಲ ಎಂದು ಅಂದೇ ಬೋರ್ಡ್ ಬರೆಸಿದರು. ಮರುದಿನ ಕಾಕೂ ಅವರಿಗೂ ಒಬ್ಬ ಗೆಳೆಯನನ್ನು ಹಂಚಿದರು.

ನನ್ನ ಪಾಲಿಗೆ ಬಂದವಳು ರೇಣುಕಾ. ವಿಜಯಪುರದ ಕಡೆಯ ಗಾರೆ ಕೆಲಸದ ಹೆಂಗಸಿನ ಒಬ್ಬಳೇ ಮಗಳು. ಮೊದಲ ಭಾನುವಾರ ಬೆಲ್ ಬಾರಿಸಿದಳು. ನಾನು ಬಿಸ್ಕೀಟಿನ ಪ್ಯಾಕೆಟ್ ಕೊಟ್ಟು ಬಾಗಿಲು ಹಾಕಿಕೊಂಡೆ. ಸಂಜೆಯೊಳಗೆ ಸುದ್ದಿ ಎರಡನೆಯ ಮಹಡಿ ಮುಟ್ಟಿತ್ತು.

"ಬಿಸ್ಕೀಟ ಕೊಟ್ಟು ಬಾಗಲಾ ಹಾಕ್ಕೋತಿಯೇನು? ಅದು ಗೆಳೆತನ ಅಲ್ಲೋ, ಲಂಚ."

"ಸಣ್ಣ ಹುಡುಗಿ ಜೋಡಿ ನಾ ಏನ್ ಮಾತಾಡ್ಲಿ ಕಾಕೂ?"

"ನಿಮ್ಮ ಆಫೀಸಿಗೆ ದೊಡ್ಡ ಸಾಹೇಬ್ರು ಬಂದ್ರ ಏನ್ ಮಾತಾಡ್ತಿ?"

"ಮಳೆ ಭಾಳ ಆತು ಅಂತೀನಿ."

"ಅದನ್ನs ಅನ್ನು. ಫುಟ್‌ಪಾತ್ ಮ್ಯಾಲೆ ಮಲಗಾಕಿಗೆ ಮಳೀ ಸುದ್ದಿ ನಿಮ್ಮ ಸಾಹೇಬ್ರಕಿಂತ ಛಲೋ ಗೊತ್ತಿರ್ತದ."

ಅಂದಿನಿಂದ ಅವಳನ್ನು ಒಳಗೆ ಕರೆಯತೊಡಗಿದೆ. ಕರೆದದ್ದಷ್ಟೇ ಬಂತು. ಅವಳು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು, ನಾನು ಪೇಪರ್ ಓದುತ್ತಿದ್ದೆ. ಅರ್ಧ ಗಂಟೆಗೆ ಎದ್ದು ಹೋಗುತ್ತಿದ್ದಳು.

ಹೀಗೇ ನಡೆದುಹೋಗುತ್ತಿತ್ತೇನೋ. ಒಂದು ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಕಾಕೂನ ಫೋನ್ ಬಂತು. ಅವರು ಮೂರು ದಿನ ಕಾಂದಿವಲಿಯ ಮಗಳ ಮನೆಯಲ್ಲಿದ್ದು ಆಗಷ್ಟೇ ಮರಳಿದ್ದರು.

"ರೇಣುಕಾ ಎಲ್ಲಿದ್ದಾಳ?"

"ನನಗೇನು ಗೊತ್ತು ಕಾಕೂ?"

"ನಿನ್ನ ಗೆಳತಿ. ನಿನಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರಬೇಕು?"

ಆಮೇಲೆ ಒಂದೊಂದಾಗಿ ಹೇಳಿದರು. ರೇಣುಕಾಳ ತಾಯಿಗೆ ವಿಷಮಜ್ವರ, ಗುರುವಾರ ಬೆಳಿಗ್ಗೆ ಆಸ್ಪತ್ರೆ ಸೇರಿದ್ದಾಳೆ. ರಾತ್ರಿ ಹುಡುಗಿ ಫುಟ್‌ಪಾತಿನಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಒಂಟಿ ಮಕ್ಕಳನ್ನು ಕರೆದೊಯ್ಯುವ ಸರಕಾರಿ ವ್ಯಾನ್ ಬಂದು ಅವಳನ್ನು ಕೂಡಿಸಿಕೊಂಡು ಹೋಗಿದೆ. ಸ್ಟೇಷನ್ ಎದುರಿನ ಚಹಾದವನು ಕಂಡದ್ದು. ಇಲ್ಲಿಯ ಹಾಸ್ಟೆಲಿನಲ್ಲಿ ಜಾಗವಿಲ್ಲ, ಪರಿಚಯದವರು ಸಂಜೆ ಐದರೊಳಗೆ ಮಕ್ಕಳ ಕಲ್ಯಾಣ ಕಚೇರಿಗೆ ಬಾರದಿದ್ದರೆ ಬೇರೆ ಜಿಲ್ಲೆಗೆ ಕಳಿಸುತ್ತಾರಂತೆ.

ಗುರುವಾರ ಸಂಜೆ ಅವಳು ನನ್ನ ಬೆಲ್ ಬಾರಿಸಿದ್ದಳು. ಭಾನುವಾರವಲ್ಲದ ದಿನ ಇವಳು ಯಾಕೆ ಬಂದಳಪ್ಪಾ ಅಂದುಕೊಂಡೆ. ಕಿವಿಯಲ್ಲಿ ಆಫೀಸಿನ ಫೋನ್ ಇತ್ತು. "ಅಂಕಲ್, ಅವ್ವಾ..." ಎಂದಳು. ನಾನು ಪ್ಯಾಕೆಟ್ ಕೈಗಿತ್ತು, ನಾಳೆ ಬಾ ಎಂದು ಸನ್ನೆ ಮಾಡಿ ಬಾಗಿಲು ಹಾಕಿಕೊಂಡೆ.

ಇದನ್ನು ಕಾಕೂಗೆ ಫೋನಿನಲ್ಲೇ ಹೇಳಿದೆ. ಅವರು ಬೈಯಲಿಲ್ಲ. "ಲಗೂ ಬಾ" ಎಂದಷ್ಟೇ ಹೇಳಿ ಇಟ್ಟರು. ಬೈದಿದ್ದರೆ ವಾಸಿಯಿತ್ತು.

ಸಾಹೇಬರಿಗೆ ಹೇಳದೆ ಓಡಿದೆ. ಲೋಕಲ್ ಎರಡು ಸ್ಟೇಷನ್‌ಗಳ ನಡುವೆ ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು. ಬೆವರಿನಲ್ಲಿ ತೊಯ್ದು ನಿಂತು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ರೇಣುಕಾ ಶಾಲೆಯಲ್ಲಿ ಎಷ್ಟನೇ ಇಯತ್ತೆ? ಗೊತ್ತಿಲ್ಲ. ವಯಸ್ಸು? ಒಂಬತ್ತಿರಬಹುದು. ಏನು ತಿನ್ನಲು ಇಷ್ಟ? ಗೊತ್ತಿಲ್ಲ. ನನ್ನ ಮನೆಯಲ್ಲಿ ಅಷ್ಟು ಭಾನುವಾರ ಕೂತು ಹೋದ ಹುಡುಗಿಯ ಬಗ್ಗೆ ನನಗೆ ಅವಳ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಆ ಕಚೇರಿ ಮುಟ್ಟಿದಾಗ ಗಂಟೆ ನಾಲ್ಕೂಕಾಲು. ಕಾಕೂ ಆಗಲೇ ಮೇಜಿನ ಎದುರು ಕೂತಿದ್ದರು, ಪಕ್ಕದಲ್ಲಿ ಸೆಕ್ರೆಟರಿ. ಅಧಿಕಾರಿ ಮೇಡಂ ಕನ್ನಡದಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ಬೆರಗಾದೆ. ಅವರ ತವರು ಯಾವುದೆಂದು ಕಾಕೂ ಕೂತ ಕೂಡಲೇ ಹೊರಗೆಳೆದಿದ್ದರು!

"ನಾ ಬೆಳಗಾವಿಯಾಕಿ ಅಂತ ಹುಡಗೀನ್ನ ಕೊಡೂದಿಲ್ರೀ ಅಜ್ಜಿ," ಎನ್ನುತ್ತಿದ್ದರು ಮೇಡಂ. "ತಾಯಿ ವಾರ್ಡಿನಿಂದ ಫೋನಿನ್ಯಾಗ ಹೂಂ ಅಂದಾಳ. ಆದ್ರ ಅಕಿಗೆ ಜ್ವರಾ ಅದ. ಪರಿಚಯದವ್ರು ಅಂತ ಹೇಳ್ಕೊಂಡು ಯಾರ ಬೇಕಾದ್ರೂ ಬರಬಹುದು."

"ಹಂಗs ಇರಬೇಕು ನೋಡ್ರಿ. ಕೇಳದ ಕೊಟ್ಟಿದ್ರ ನಿಮ್ಮ ಮ್ಯಾಲೆ ನಾನs ಕಂಪ್ಲೇಂಟ್ ಕೊಡ್ತಿದ್ದೆ," ಎಂದರು ಕಾಕೂ.

ಮೇಡಂ ಒಬ್ಬೊಬ್ಬರನ್ನೇ ಕೇಳಿದರು. ಕಾಕೂಗೆ ಗೊತ್ತಿಲ್ಲದ್ದೇ ಇರಲಿಲ್ಲ. ಅವ್ವನ ಊರು, ಸತ್ತ ಅಪ್ಪನ ಹೆಸರು, ಮೊಣಕಾಲಿನ ಗಾಯದ ಹೊಲಿಗೆ, ಗಣಿತದಲ್ಲಿ ತಪ್ಪುವ ಮಗ್ಗಿ. ಸೆಕ್ರೆಟರಿ ಮರಾಠಿಯಲ್ಲಿ, ಈ ಹುಡುಗಿಗೆ ಲಿಫ್ಟೆಂದರೆ ಭಯ, ಒಮ್ಮೆ ನಾನೇ ಹತ್ತಿಸಲು ಹೋದರೆ ಅತ್ತಳು, ಪ್ರತಿ ಭಾನುವಾರ ಐದು ಮಹಡಿ ಮೆಟ್ಟಿಲು ಹತ್ತಿ ಹೋಗುತ್ತಾಳೆ ಎಂದರು. ಕಾಯಿದೆಯ ಮನುಷ್ಯನಿಗೆ ಏನಾಯಿತೆಂದು ನಾನು ದಂಗಾಗಿ ನೋಡಿದೆ.

"ಐದನೇ ಮಹಡಿ ಯಾರದು?" ಎಂದು ಮೇಡಂ ನನ್ನ ಕಡೆ ತಿರುಗಿದರು. "ಹೇಳ್ರಿ. ಏನ್ ಗೊತ್ತದ ನಿಮಗ ಅಕಿ ಬಗ್ಗೆ?"

ಗಂಟೆ ನಾಲ್ಕೂ ಮುಕ್ಕಾಲು. ಮೂಲೆಯ ಬೆಂಚಿನ ಮೇಲೆ ರೇಣುಕಾ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಸುಳ್ಳು ಹೇಳಿ ಪಾರಾಗಬಹುದಿತ್ತು, ಬಾಯಿ ಬರಲಿಲ್ಲ.

"ಏನೂ ಗೊತ್ತಿಲ್ರೀ," ಎಂದೆ. "ನಿನ್ನೆ ನನ್ನ ಹತ್ರ ಹೇಳ್ಲಿಕ್ಕೆ ಬಂದಿದ್ಲು. ನಾ ಬಾಗಲಾ ಹಾಕ್ಕೊಂಡೆ."

ಮೇಡಂ ಪೆನ್ನು ಕೆಳಗಿಟ್ಟರು. ಕಾಕೂನ ಮುಖ ಬಿಳಿಚಿತು. ಎಲ್ಲ ನನ್ನಿಂದಲೇ ಕೆಟ್ಟಿತೆಂದು ನನಗೆ ಖಾತ್ರಿಯಾಯಿತು. ಆ ಕ್ಷಣ ನನ್ನ ಬಗ್ಗೆ ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ.

"ಇವರು ಯಾರವಾ ನಿನಗ?" ಮೇಡಂ ರೇಣುಕಾಳನ್ನು ಕೇಳಿದರು.

"ಐದನೇ ಮಾಳಿಗಿ ಅಂಕಲ್."

"ಇವರ ಬಗ್ಗೆ ನಿನಗೇನ್ ಗೊತ್ತು?"

ಅವಳು ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಎದ್ದು ನಿಂತಳು. "ಅಂಕಲ್‌ಗೆ ಬಿ.ಪಿ. ಐತ್ರಿ. ಗುಳಿಗಿ ಟಿ.ವಿ. ಮ್ಯಾಲ ಇಟ್ಟು ಮರೀತಾರ, ನಾ ನೆನಪ ಮಾಡ್ತೀನಿ. ಪೇಪರ್ ತಿರುವಿ ಹಾಕೂದ ಬಿಟ್ಟು ಸುಮ್ಕ ಕುಂತ್ರ, ಅವತ್ತ ಅವ್ರ ಅವ್ವ ನೆನಪಾಗ್ಯಾಳ ಅಂತ ತಿಳೀತೈತಿ, ಫೋಟೋ ನೋಡ್ತಿರ್ತಾರ." ಸ್ವಲ್ಪ ತಡೆದಳು. "ಅವ್ರ ಮನೀಗೆ ಯಾರೂ ಬರಂಗಿಲ್ರಿ ಮೇಡಂ. ಬೆಲ್ಲೂ ಬಾರ್ಸಂಗಿಲ್ಲ. ನಾ ದೂರದ ಊರಿಗೆ ಹೋದ್ರ ಐತವಾರ ಅಂಕಲ್‌ಗೆ ಹೆಂಗ್ರಿ?"

ಕಾಕೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಡಂ ಕಾಗದ ಎಳೆದುಕೊಂಡು ತಾಯಿ ಗುಣವಾಗಿ ಬರುವತನಕ ಹುಡುಗಿ ಕಾಕೂನ ಮನೆಯಲ್ಲಿರಬಹುದೆಂದು ಬರೆದು, ಮೊಹರು ಹಾಕಿದರು. ಕಾಕೂನ ಸಹಿಯ ಕೆಳಗೆ ನನ್ನ ಸಹಿಯ ಜಾಗ ತೋರಿಸಿ ಪೆನ್ನು ಕೊಟ್ಟರು.

"ಖರೇನs ಯಾರೂ ಬರೂದಿಲ್ಲೇನ್ರೀ?" ಎಂದು ಮೆಲ್ಲಗೆ ಕೇಳಿದರು.

ಐವತ್ನಾಲ್ಕು ವರ್ಷದ ನಾನು ಸರಕಾರಿ ಮೇಜಿನ ಮುಂದೆ ನಿಂತು ಅಳುತ್ತಿದ್ದೆ.

"ಇಲ್ರೀ ಮೇಡಂ," ಎಂದೆ. "ಈಕಿ ಒಬ್ಬಾಕೀನs ಬರ್ತಾಳ."