ಸಮುದ್ರ ದಾಟಲೊಲ್ಲದ ಹೆಬ್ಬಾತಿಗೆ

ಮಾನ್ಯ ಶ್ರೀ ಗಂಬೇ ಹೆಬ್ಬಾತು ಅವರೇ,

ಸೋಯಾ ಸಾಸ್ ಸೀಸೆಯ ಚೀಟಿಯ ಮೇಲೆ ಹುಲ್ಲಿನ ಟೋಪಿ ಹಾಕಿಕೊಂಡು ಎಪ್ಪತ್ತು ವರ್ಷಗಳಿಂದ ನಿಂತೇ ಇರುವ ತಮ್ಮ ಕಾಲುಗಳಿಗೆ ಆಯಾಸವಾಗದಿರಲಿ, ಕೊಕ್ಕಿನ ಹಳದಿ ಮಾಸದಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಇತ್ತ ಇಮಾಬಾರಿಯಲ್ಲಿ ಪ್ಲಮ್ ಹೂ ಬಿಟ್ಟಿದೆ, ಹಡಗು ಕಟ್ಟುವ ಕಾರ್ಖಾನೆಯ ಸದ್ದು ಎಂದಿನಂತಿದೆ, ನಾನೂ ನನ್ನ ಅಂಗಡಿಯ ಆರು ಆಟದ ಯಂತ್ರಗಳೂ ಕ್ಷೇಮವಾಗಿದ್ದೇವೆ.

ನಾನು ಓಚಿ ಕುನಿಯೆ, ಬಂದರಿನ ಹಿಂದಿನ ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ನಡೆಸುವ ಅರವತ್ತೆಂಟು ವರ್ಷದ ಹೆಂಗಸು. ಹುಟ್ಟಿ ಬೆಳೆದದ್ದು ಎದುರಿನ ದ್ವೀಪದ ಕಿತ್ತಳೆ ತೋಟದಲ್ಲಾದ್ದರಿಂದ ಹಕ್ಕಿಗಳ ಜೊತೆ ಜಗಳವಾಡುವುದು ನನಗೆ ಹೊಸದಲ್ಲ. ಅದನ್ನು ಕಾಗದದಲ್ಲಿ ಮಾಡುತ್ತಿರುವುದು ಮಾತ್ರ ಇದೇ ಮೊದಲು.

ವಿಷಯ ತಮಗೆ ತಿಳಿಯದ್ದೇನಲ್ಲ. ನಾಲ್ಕು ಕಂಪನಿಗಳ ನಾಲ್ಕು ಬೇರೆ ಬೇರೆ ಆಟಗಳ ಜಟ್ಟಿಗಳನ್ನೆಲ್ಲ ಒಂದೇ ಕಣಕ್ಕಿಳಿಸಿ ಹೊಡೆದಾಡಿಸುವ 'ಎಲ್ಲರೂ ಅಖಾಡಕ್ಕೆ' ಎಂಬ ಆಟವಿದೆಯಲ್ಲ, ಅದರಲ್ಲಿ ನಿಂಜಾ, ಸುಮೋ ಪೈಲ್ವಾನ, ರೋಬೋಟು, ಶಾಲಾ ಹುಡುಗಿ ಇವರ ಜೊತೆಗೆ, ಐದನೆಯವರಾಗಿ, ಒಂದು ಮರದ ಸೌಟು ಹಿಡಿದು ತಾವೂ ಇದ್ದೀರಿ. ನನ್ನ ಅಂಗಡಿಗೆ ಮೂರು ವರ್ಷ ಪ್ರತಿ ಭಾನುವಾರ ಬರುತ್ತಿದ್ದ ಆರ್ನೆಲ್ ಎಂಬ ಫಿಲಿಪ್ಪೀನ್ಸ್‌ನ ವೆಲ್ಡರು ತಮ್ಮನ್ನು ಬಿಟ್ಟು ಬೇರೆಯವರನ್ನು ಮುಟ್ಟಿದವನಲ್ಲ. ನಾನು ಸುಮೋ ಪೈಲ್ವಾನ, ಅವನು ತಾವು. ಅವನು ನಾನೂರ ಹನ್ನೊಂದು ಗೆದ್ದ, ನಾನೂ ನಾನೂರ ಹನ್ನೊಂದು ಗೆದ್ದೆ. ಕೊನೆಯ ಆಟ ಅರ್ಧದಲ್ಲಿದ್ದಾಗ ಅವನನ್ನು ವಿಮಾನಕ್ಕೆ ಕರೆದೊಯ್ಯುವ ವ್ಯಾನು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯಿತು. "ಅಮ್ಮಾ, ಇದು ಸೋಲಲ್ಲ, ನೆನಪಿರ್ಲಿ!" ಎಂದು ಕೂಗುತ್ತಲೇ ಓಡಿದ. ಎರಡು ವರ್ಷವಾಯಿತು. ಆ ಒಂದು ಆಟ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದೆ.

ಅವನು ಹೋದ ತಿಂಗಳೇ ಅದೇ ಆಟ ಮನೆಯಲ್ಲಿ ಕೂತು, ದೂರದವರ ಜೊತೆ ಆಡುವಂತೆ ಬಂದಿದೆಯೆಂದು ತಿಳಿದು ನಾನು ಕುಣಿದಾಡಿದೆ. ಆದರೆ ತನ್ನೂರು ಬತಾಂಗಾಸ್‌ನಲ್ಲಿರುವ ಆರ್ನೆಲ್‌ನ ಪರದೆ 'ನಿಮ್ಮ ದೇಶದಲ್ಲಿ ಸಿಗುವುದಿಲ್ಲ' ಎನ್ನುತ್ತದೆ. ವಿಚಾರಿಸಿದರೆ, ಮೂಲ ಒಪ್ಪಂದ ಜಪಾನಿನೊಳಗೆ ಮಾತ್ರವಂತೆ. ಹೊರಗೆ ಮಾರಲು ಪ್ರತಿಯೊಬ್ಬ ಜಟ್ಟಿಯ ಯಜಮಾನರೂ ಮತ್ತೆ ಒಪ್ಪಬೇಕಂತೆ. ರೋಬೋಟಿನವರು ಭುಜದ ಬಣ್ಣದ ಬಗ್ಗೆ ಹನ್ನೊಂದು ಪತ್ರ ಬರೆದು ಕೊನೆಗೆ ಒಪ್ಪಿದರು. ಶಾಲಾ ಹುಡುಗಿಯವರು, ಜಾಹೀರಾತಿನಲ್ಲಿ ಆಕೆ ನಿಂಜಾನ ಕೈಯಲ್ಲಿ ಒದೆ ತಿನ್ನಬಾರದು ಎಂದು ಬರೆಸಿಕೊಂಡು ಒಪ್ಪಿದರು. ಉಳಿದಿಬ್ಬರೂ ಒಪ್ಪಿದರು. ಉಳಿದದ್ದು ತಾವೊಬ್ಬರೇ. ಇಷ್ಟು ದೊಡ್ಡ ದೊಡ್ಡ ಪೈಲ್ವಾನರನ್ನು ಒಂದೇ ಒಂದು ಏಟೂ ಹೊಡೆಯದೆ ದಡದಲ್ಲೇ ಕೂರಿಸಿದ ತಮ್ಮ ಪರಾಕ್ರಮಕ್ಕೆ ನಾನು ತಲೆಬಾಗುತ್ತೇನೆ.

ಗೇಮ್ ಕಂಪನಿಯವರು ಬೇಸತ್ತು, ಹೊರದೇಶಕ್ಕೆ ಹೆಬ್ಬಾತನ್ನು ಬಿಟ್ಟೇ ಕಳಿಸುತ್ತೇವೆ ಎಂದರು. ನಾನು ಸಂತೋಷದಿಂದ ಆರ್ನೆಲ್‌ಗೆ ಫೋನ್ ಮಾಡಿದೆ. "ಗಂಬೇ ಇಲ್ದೆ ನಾನ್ಯಾಕಮ್ಮ ಆಡ್ಲಿ? ನೀನು ನಿನ್ನ ಡುಮ್ಮನ್ನ ಬಿಟ್ಟು ಬಾ ನೋಡೋಣ!" ಎಂದು ಅವನು ನನ್ನನ್ನೇ ಗದರಿದ. ಅವನ ಮಾತು ನ್ಯಾಯವಾದದ್ದೇ.

ಹಾಗಾಗಿ ಒಂದು ಚೀಲ ಕಿತ್ತಳೆ ಹಿಡಿದು, ಎರಡು ರೈಲು ಬದಲಿಸಿ, ತಮ್ಮ ಸೋಯಾ ಸಾಸ್ ಕಂಪನಿಗೇ ಹೋದೆ. ಅನುಮತಿಗಳನ್ನು ನೋಡಿಕೊಳ್ಳುವ ಸೊಗಾಬೆ ಎಂಬ ಬಹಳ ಒಳ್ಳೆಯ ಮನುಷ್ಯ ನನ್ನ ಮುಂದೆ ಕಾಗದವನ್ನು ಬಿಚ್ಚಿಟ್ಟರು. ಅದರಲ್ಲಿ ಸಹಿಯ ಬದಲು ಒತ್ತಬೇಕಾದ, ಎಂಟು ಮೇಜುಗಳ ಎಂಟು ಕೆಂಪು ಮುದ್ರೆಗಳೂ ಬಿದ್ದಿದ್ದವು! ಎಡತುದಿಯಲ್ಲಿ ಅಧ್ಯಕ್ಷರ ಮುದ್ರೆ ನೆಟ್ಟಗೆ. ಕೆಳಗಿನವರ ಏಳು ಮುದ್ರೆಗಳೂ ಪದ್ಧತಿಯಂತೆ ಅವರತ್ತ ತುಸು ವಾಲಿ, ಸಾಲಾಗಿ ತಲೆಬಾಗಿ ನಮಸ್ಕಾರ ಮಾಡುತ್ತಿದ್ದವು. "ಎಲ್ಲಾ ಆಗಿದೆಯಲ್ಲಪ್ಪಾ, ಇನ್ನೇನು?" ಎಂದೆ. ಸೊಗಾಬೆ ಬಲತುದಿಗೆ ಬೆರಳು ತೋರಿಸಿದರು. ಅಧ್ಯಕ್ಷರ ತಂದೆ, ತೊಂಬತ್ತೊಂದು ವರ್ಷದ ಹಿರಿಯ ಯಜಮಾನರು, ಒಂದು ದಿನ ಆಫೀಸಿಗೆ ಸುಮ್ಮನೆ ಬಂದವರು, ಅಲ್ಲಿ ಖಾಲಿ ಜಾಗ ಕಂಡು ತಮ್ಮದೂ ಒಂದು ಮುದ್ರೆ ಒತ್ತಿ ಹೋಗಿದ್ದರು. "ಈಗ ನೋಡಿ ಓಚಿಯವರೇ, ನಾವೆಲ್ಲರೂ ದೊಡ್ಡ ಯಜಮಾನ್ರಿಗೆ ಬೆನ್ನು ತೋರಿಸಿ ನಿಂತಂಗಾಯ್ತು. ಇದನ್ನ ಹೊರಗೆ ಹೇಗೆ ಕಳಿಸೋದು?" ಎಂದು ಅವರು ಬೆವರು ಒರೆಸಿಕೊಂಡರು. ಕಾಗದವನ್ನು ತಲೆಕೆಳಗು ಹಿಡಿಯಿರಿ ಎಂದೆ. ಅವರು ನಿಜಕ್ಕೂ ಹಿಡಿದು ನೋಡಿ, "ಈಗ ಎಲ್ರೂ ಶೀರ್ಷಾಸನ ಹಾಕ್ದಂಗಿದೆ" ಎಂದು ಮೆಲ್ಲನೆ ಕೆಳಗಿಟ್ಟರು.

ನಾನು ಬಿಡಲಿಲ್ಲ. ಹಿರಿಯ ಯಜಮಾನರ ಮನೆಗೇ ಹೋಗಿ ಕಿತ್ತಳೆ ಸುಲಿದು ಕೊಟ್ಟು ಕೇಳಿದೆ. "ನಮಸ್ಕಾರವೇ ಅದು? ಯಾರೋ ಮೇಜು ಅಲ್ಲಾಡಿಸಿದ್ರು ಅಂದ್ಕೊಂಡಿದ್ದೆ!" ಎಂದು ಅವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ, "ಗಂಬೇ ಇನ್ನೂ ಹೊರಟಿಲ್ವಾ? ಪಾಪ, ಕಳಿಸ್ರೋ" ಎಂದರು. ಅದನ್ನೇ ಅಪ್ಪಣೆಯೆಂದು ಕಂಪನಿಯವರು ಭಾವಿಸಿದ್ದರಿಂದ ಹೊಸ ಕಾಗದ ಮತ್ತೆ ಮೊದಲ ಮೇಜಿನಿಂದ ಹೊರಟಿದೆ. ಈ ಸಲ ಯಾರ ಕಡೆಗೆ ಎಷ್ಟು ವಾಲಬೇಕೆಂಬುದನ್ನು ತೀರ್ಮಾನಿಸಲು ಒಂದು ಸಭೆ ಕರೆದಿದ್ದಾರೆಂದು ಕೇಳಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ಬಳಗದವರು ಇದೇ ವಾರ ಸಾಲುಗಟ್ಟಿ ಸಮುದ್ರದ ಮೇಲೆ ಉತ್ತರಕ್ಕೆ ಹೊರಟಿದ್ದನ್ನು ಟೀವಿಯಲ್ಲಿ ತೋರಿಸಿದರು. ಅವರಲ್ಲಿ ಒಬ್ಬರ ಕೊಕ್ಕಿನಲ್ಲೂ ಒಪ್ಪಂದದ ಕಾಗದವಿರಲಿಲ್ಲ. ತಾವೂ ದಯವಿಟ್ಟು ಸೀಸೆಯಿಂದ ಇಳಿದು, ಟೋಪಿ ಸರಿಮಾಡಿಕೊಂಡು, ಅವರ ಹಿಂದೆ ಹಾರಿ, ದಾರಿ ತಪ್ಪಿದವರಂತೆ ನಟಿಸಿ ದಕ್ಷಿಣಕ್ಕೆ ತಿರುಗಿ, ಆರ್ನೆಲ್‌ನ ಪರದೆಯೊಳಗೆ ಇಳಿಯಬೇಕು. ರೆಕ್ಕೆ ನೋಯುವುದಾದರೆ ಸೌಟನ್ನು ಇಲ್ಲೇ ಬಿಟ್ಟುಹೋಗಿ, ನಾನು ಅಂಚೆಯಲ್ಲಿ ಕಳಿಸುತ್ತೇನೆ.

ಯಾರ ಕಡೆಗೂ ವಾಲದೆ ನೆಟ್ಟಗೆ ನಿಂತು ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಓಚಿ ಕುನಿಯೆ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಆರ್ನೆಲ್‌ನ ಫೋನ್ ಬಂತು. ಇಲ್ಲಿನ ಹಡಗು ಕಾರ್ಖಾನೆ ಅವನನ್ನು ಮತ್ತೆ ಕರೆದಿದೆ, ವೀಸಾವೂ ಕೈಗೆ ಬಂದಿದೆ; ಏಪ್ರಿಲ್‌ನ ಮೊದಲ ಭಾನುವಾರ ನನ್ನ ಅಂಗಡಿಯಲ್ಲಿರುತ್ತಾನೆ. ರಕ್ತಮಾಂಸದ ಒಬ್ಬ ಮನುಷ್ಯ ಎರಡು ಸರಕಾರಗಳನ್ನು ದಾಟಲು ಐವತ್ತು ದಿನ ಸಾಕಾಯಿತು. ಬರೀ ಬಣ್ಣದ ಚಿತ್ರವಾದ ತಮಗೆ ಎಂಟು ಮೇಜು ದಾಟಲು ಎರಡು ವರ್ಷ ಸಾಲಲಿಲ್ಲ. ಆದ್ದರಿಂದ ಮೇಲಿನ ವಿನಂತಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ದಯವಿಟ್ಟು ಈಗ ಎಲ್ಲಿಗೂ ಹೊರಡಬೇಡಿ. ಅವನು ಕೂರುತ್ತಿದ್ದ ಎಡಗಡೆಯ ಸ್ಟೂಲು ಒರೆಸಿಟ್ಟಿದ್ದೇನೆ. ನನ್ನ ಪೈಲ್ವಾನನ ಕೈಯಲ್ಲಿ ಸೋಲುವುದಕ್ಕೆ ತಮಗೆ ಯಾರ ಮುದ್ರೆಯೂ ಬೇಕಾಗಿಲ್ಲ.