ಒಂದೇ ವೃತ್ತ, ಎರಡು ಗೇಟು

“ಮೊದಲು t ಅನ್ನೋದನ್ನ ಎತ್ತಿ ಆಚೆ ಹಾಕಿ,” ಎಂದು ಜೋಗುಪಾಳ್ಯದ ಟ್ಯೂಷನ್ ಕ್ಲಾಸಿನಲ್ಲಿ ಕೇದಾರ x = cos t, y = sin t ಎರಡನ್ನೂ ವರ್ಗ ಮಾಡಿ ಕೂಡಿಸಿದ. x² + y² = 1 ಬಂತು. “ಯಾವ ಕರ್ವ್? ವೃತ್ತ. ಮುಗೀತು.”

“ಸರ್, t ಅಂದ್ರೆ ಟೈಮ್ ಅಂದಿದ್ರಿ. ಅದು ಹೋದ್ರೆ ನಷ್ಟ ಇಲ್ವಾ?” ಎಂದಳು ಧನುಶ್ರೀ.

“ಏನಿಲ್ಲಮ್ಮ. ದಾರಿ ಸಿಕ್ತಲ್ಲ, ಸಾಕು.”

ಅವನ ಮನಸ್ಸು ಆಗಲೇ ಇಂದಿರಾನಗರ ಸೇರಿತ್ತು. ಫಿಸಿಕ್ಸ್ ಹೇಳುವ ಕನ್ನಡಕದ ಪ್ರತಿಭಾ ಬೆಳಿಗ್ಗೆ ಮೆಸೇಜ್ ಹಾಕಿದ್ದಳು: “ಸಂಜೆ ದುಂಡು ಪಾರ್ಕಿಗೆ ಬನ್ನಿ. ಹುಡುಗನ ಕಡೆಯವರಿಗೆ ರಾತ್ರಿ ಉತ್ತರ ಹೇಳ್ಬೇಕು.” ಇಷ್ಟು ದಿನ ಅವಳೆದುರು ಮಳೆ, ಟ್ರಾಫಿಕ್ಕು ಬಿಟ್ಟು ಬೇರೆ ಮಾತಾಡದ ಕೇದಾರನಿಗೆ ಜೀವ ಬಾಯಿಗೆ ಬಂದಿತ್ತು. ಅವಳಿಲ್ಲದ ಸ್ಟಾಫ್ ರೂಮನ್ನು ನೆನೆಯಲೂ ಅವನಿಂದ ಆಗುತ್ತಿರಲಿಲ್ಲ.

ಮೆಸೇಜ್ ತೋರಿಸಿದ್ದೇ ತಡ, ಯಾರ ವಿಷಯವಾದರೂ ತನ್ನದೇ ಎಂದುಕೊಳ್ಳುವ ಕೆಮಿಸ್ಟ್ರಿಯ ಹಬೀಬ್ ಉಪದೇಶಕ್ಕೆ ಕೂತ. “ನೋಡಿ ಭಾಯ್, ಗೇಟಲ್ಲಿ ನಿಲ್ಬೇಡಿ, ಬಾಡಿಹೋದೋರ ಥರ ಕಾಣ್ತೀರಿ. ಫೋನೂ ಮಾಡ್ಬೇಡಿ, ಬೆಲೆ ಹೋಗತ್ತೆ. ಎಡಗಡೆಯಿಂದ ಆರಾಮಾಗಿ ಸುತ್ತು ಹಾಕ್ತಿರಿ. ದುಂಡಗಿನ ದಾರಿ, ಸಿಕ್ಕೇ ಸಿಗ್ತಾರೆ.”

ಗಣಿತವೂ ಅದನ್ನೇ ಹೇಳುತ್ತದೆ ಎನ್ನಿಸಿತು ಕೇದಾರನಿಗೆ.

ಪಾರ್ಕಿನ ನಡುವೆ ಹೊಂಗೆ, ಬಿದಿರು ಒತ್ತಾಗಿ ಬೆಳೆದು ಆಚೆ ಬದಿ ಕಾಣುತ್ತಿರಲಿಲ್ಲ. ಮಲ್ಲಿಗೆಯ ಪೊಟ್ಟಣ ಹಿಡಿದು ಪಶ್ಚಿಮದ ಗೇಟಿನಿಂದ ಎಡಕ್ಕೆ ಹೊರಟು ಸುತ್ತತೊಡಗಿದ. ಸುತ್ತಿದಷ್ಟೂ ಮಲ್ಲಿಗೆ ಬಾಡಿತು. ಬೀದಿನಾಯಿಯೊಂದು ಜೊತೆಯಾಯಿತು. ಬೆಂಚಿನಲ್ಲಿ ಕೂತಿದ್ದ ಮುನಿರಾಜಪ್ಪ ಎಂಬ ಹಿರಿಯರು ಅವನಿಗೆ ಸಕ್ಕರೆ ಕಾಯಿಲೆಯೇ ಇರಬೇಕೆಂದು ಮೆಂತ್ಯದ ನೀರು ಕುಡಿಯಲು ಹೇಳಿದರು. ಪ್ರತಿ ತಿರುವಿನಲ್ಲೂ ಅವಳೇ ಬಂದಳೇನೋ ಎಂದು ಪೊಟ್ಟಣ ಮುಂದೆ ಹಿಡಿಯುತ್ತಿದ್ದ. ಬರುತ್ತಿದ್ದವರು ಬೇರೆ ಯಾರೋ.

ಕತ್ತಲಾಗಿ ಕಾವಲಿನವನು ಸೀಟಿ ಊದಿದಾಗ ಮುನಿರಾಜಪ್ಪ ಎದ್ದರು. “ಪಾಪ, ಆ ಕನ್ನಡಕದ ಹುಡುಗಿಗೂ ಶುಗರ್ರೇ ಇರ್ಬೇಕು. ಮೂಡಗಡೆ ಗೇಟಿಂದ ಬಂದೋಳು ನಿಮ್ಮಂಗೇ ಸುತ್ತಿದ್ದೇ ಸುತ್ತಿದ್ದು. ನೀವ್ ಆ ಕಡೆ ಇದ್ರೆ ಅವ್ಳು ಈ ಕಡೆ. ಈಗ ಕಣ್ಣೊರೆಸ್ಕೊಂಡು ಹೋದ್ಲು.”

ಜೇಬಿನಲ್ಲಿ ಫೋನು ಗುಂಯ್ ಎಂದಿತು. “ನೀವು ಬರ್ಲಿಲ್ಲ. ಮನೆಗೆ ಫೋನ್ ಮಾಡಿ ಹೂಂ ಅಂದ್ಬಿಟ್ಟೆ.” ಕೇದಾರ ಉತ್ತರ ಬರೆದ, ಅಳಿಸಿದ, ಮತ್ತೆ ಬರೆದು ಮತ್ತೆ ಅಳಿಸಿದ.

ಮರುದಿನ ಕ್ಲಾಸಿಗೆ ಹೋದವನೇ, “ಧನುಶ್ರೀ, t ಹೋದ್ರೆ ನಷ್ಟ ಇದೆಯಮ್ಮ. ಇಬ್ರು ಒಂದೇ ವೃತ್ತದ ಮೇಲೆ ಸಂಜೆಯೆಲ್ಲ ನಡೆದ್ರೂ ಸಿಗದೇ ಹೋಗಬಹುದು,” ಎಂದ.

ಅಷ್ಟರಲ್ಲಿ ಹಬೀಬ್ ಪೇಡೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ. “ಮುಬಾರಕ್ ಭಾಯ್. ಪ್ರತಿಭಾ ಮೇಡಮ್ಮು ಮದುವೆ ಗೊತ್ತಾಯ್ತು ಅಂತ ಹಂಚ್ತಿದಾರೆ. ನಿನ್ನೆ ಪಾರ್ಕಲ್ಲಿ ಹೇಗೆ ಸಿಗೋದು ಅಂತ ಅವ್ರೂ ನನ್ನನ್ನೇ ಕೇಳಿದ್ರು. ಅವ್ರಿಗೂ ಅದೇ ಹೇಳಿದ್ದೆ: ನಿಲ್ಬೇಡಿ, ಫೋನ್ ಮಾಡ್ಬೇಡಿ, ಎಡಗಡೆಯಿಂದ ಸುತ್ತಿ. ಸಿಕ್ಕೇ ಸಿಗ್ತಾರೆ ಅಂದಿದ್ನಲ್ಲ?”

ಕೇದಾರ ಒಂದು ಪೇಡೆ ತೆಗೆದುಕೊಂಡ.